ಬಾಣದ ಗುರುತಿನ ರಸಾಯನಜ್ಞ ನೆವಿಲ್ ಸಿಜ್‌ವಿಕ್

ನೆವಿಲ್ ವಿನ್ಸೆಂಟ್ ಸಿಜ್‌ವಿಕ್ ಅವರು 1873ರ ಮೇ 8ರಂದು ಇಂಗ್ಲೆಂಡಿನ ವಿದ್ಯಾನಗರಿಯಾದ ಆಕ್ಸ್‌ಫರ್ಡಿನಲ್ಲಿ ಜನಿಸಿದರು. ಮನೆತನವೇ ಪಂಡಿತರದು. ತಂದೆಯ ಸಹೋದರರಲ್ಲಿ ಹೆನ್ರಿ ತತ್ತ್ವಶಾಸ್ತ್ರಜ್ಞರು, ಆರ್ಥರ್ ಗ್ರೀಕ್ ಭಾಷಾಕೋವಿದರು. ನೆವಿಲ್ಲರು 1895ರಲ್ಲಿ ವಿಜ್ಞಾನದಲ್ಲಿ ಪ್ರಥಮ ಶ್ರೇಣಿ ಪಡೆದು, ಅಷ್ಟಕ್ಕೇ ತೃಪ್ತರಾಗದೆ 1897ರಲ್ಲಿ ಗ್ರೀಕ್‌-ಲ್ಯಾಟಿನ್ ವಿದ್ಯೆಗಳಲ್ಲಿಯೂ ಅದೇ ಶ್ರೇಣಿಯನ್ನು ಗಳಿಸಿದರು. ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಡಾಕ್ಟರೇಟ್ ಪಡೆದು ಬಂದಮೇಲೆ ಅವರ ಜೀವಮಾನದ ಬಹುಭಾಗ ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನಲ್ಲೇ ಕಳೆಯಿತು. ಅವರು ವಿವಾಹವಾಗಲಿಲ್ಲ.

1914ರಲ್ಲಿ ಆಸ್ಟ್ರೇಲಿಯದ ವಿಜ್ಞಾನ ಸಮ್ಮೇಳನಕ್ಕೆ ಹಡಗಿನಲ್ಲಿ ಹೊರಟಾಗ ರುದರ್‌ಫರ್ಡರ ಸಹವಾಸ ದೊರೆಯಿತು. ಪರಮಾಣುವಿನ ಒಳರಚನೆಯತ್ತ ಸಿಜ್‌ವಿಕ್ಕರ ಮನಸ್ಸು ತಿರುಗಿದ್ದು ಅಲ್ಲಿಂದ.

ಆಗ ರಸಾಯನಜ್ಞರನ್ನು ಕಾಡುತ್ತಿದ್ದ ಒಗಟೊಂದಿತ್ತು. ಕೋಬಾಲ್ಟ್ ಮೂರು ಕ್ಲೋರಿನ್ ಪರಮಾಣುಗಳೊಡನೆ ಕೂಡಿದರೆ ಅದರ ಸಂಯೋಗಶಕ್ತಿ ತೀರಿದಂತೆಯೇ. ಆದರೂ ಅದು ಮತ್ತೆ ಆರು ಅಮೋನಿಯ ಅಣುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ! 1893ರಲ್ಲಿ ಆಲ್ಫ್ರೆಡ್ ವರ್ನರ್ ಇದಕ್ಕಾಗಿ ಎರಡನೆಯ ಬಗೆಯ ವೇಲೆನ್ಸಿಯನ್ನು ಕಲ್ಪಿಸಿದರು. ಅದರ ಸ್ವರೂಪವೇನೆಂಬುದು ಮಾತ್ರ ತಿಳಿಯಲಿಲ್ಲ. 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್, ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳಲ್ಲಿ ಪಾಲುಗೊಳ್ಳುವುದೇ ಬಂಧವೆಂದರು. ಆ ಜೊತೆಯ ಎರಡೂ ಎಲೆಕ್ಟ್ರಾನುಗಳು ಒಂದೇ ಪರಮಾಣುವಿನಿಂದ ಬರಬಹುದೆಂಬ ವಿಚಾರವನ್ನು ವರ್ನರರ ಒಗಟಿಗೆ ಅನ್ವಯಿಸಿದ ಕೀರ್ತಿ ಸಿಜ್‌ವಿಕ್ಕರದು. ಅವರ ಲೆಕ್ಕ ಹೀಗಿದೆ: ಕೋಬಾಲ್ಟಿನ 27 ಎಲೆಕ್ಟ್ರಾನುಗಳಲ್ಲಿ ಮೂರು ಹೋದರೆ ಉಳಿದವು 24, ಆರು ಅಮೋನಿಯಗಳು ತರುವ 12 ಸೇರಿ 36. ಇದು ಕ್ರಿಪ್ಟಾನಿನ ಸ್ಥಿರಸಂಖ್ಯೆ. ಕ್ರೋಮಿಯಮ್ಮಿನಲ್ಲಿ ಇದೇ ಲೆಕ್ಕ 33ಕ್ಕೆ ನಿಲ್ಲುತ್ತದೆ. ಆದುದರಿಂದ ಈ ಸೂತ್ರ ಸಾರ್ವತ್ರಿಕವಲ್ಲ.

ವೇಲೆನ್ಸಿಯನ್ನು ಕುರಿತ ಅವರ 1927ರ ಗ್ರಂಥದಲ್ಲಿ ಇಂಥ ಬಂಧಕ್ಕೆ ಗೆರೆಯ ಬದಲು ಬಾಣದ ಗುರುತಿದೆ. ಬಾಣದ ಬುಡದಲ್ಲಿ ದಾತೃ, ಮೊನೆಯಲ್ಲಿ ಗ್ರಾಹಿ. ಇದಕ್ಕೆ ಡೇಟಿವ್ ಬಂಧವೆಂಬ ಹೆಸರೂ ಉಂಟು. ಡೇಟಿವ್ ಎಂಬುದು ಲ್ಯಾಟಿನ್ ವ್ಯಾಕರಣದಲ್ಲಿ ನಮ್ಮ ಚತುರ್ಥೀ ವಿಭಕ್ತಿಗೆ ಸಮನಾದುದು. ಗುರುವಿಗೆ ದಕ್ಷಿಣೆ ಕೊಟ್ಟನು ಎಂಬಲ್ಲಿ ಗುರು ಸಂಪ್ರದಾನ. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ತನ್ನ ಸ್ವತ್ವವನ್ನು ಬಿಟ್ಟು ಪರರ ಸ್ವತ್ವವನ್ನುಂಟುಮಾಡುವುದು ದಾನವೆಂದು ಶಾಸ್ತ್ರ ಹೇಳುತ್ತದೆ. ಇಲ್ಲಿಯಾದರೋ ದಾತೃ ತನ್ನ ಜೊತೆಯನ್ನು ಬಿಟ್ಟುಕೊಡುವುದಿಲ್ಲ, ಗ್ರಾಹಿಗೆ ಅದರಲ್ಲಿ ಪಾಲು ಕೊಡುತ್ತದೆ ಅಷ್ಟೆ. ಬಾಣವನ್ನು ಕಂಡು ಎಲೆಕ್ಟ್ರಾನುಗಳೇ ಹೊರಟುಹೋದುವೆಂದು ವಿದ್ಯಾರ್ಥಿಗಳು ಭ್ರಮಿಸುವುದುಂಟು. ಬಾಣ ತೋರಿಸುವುದು ಜೊತೆ ಎಲ್ಲಿಂದ ಬಂದಿತೆಂಬುದನ್ನು. ಅಮೋನಿಯವು ಹೈಡ್ರೋಜನ್ ಅಯಾನನ್ನು ಸೇರಿಸಿಕೊಂಡು ಅಮೋನಿಯಂ ಆದಾಗ ನೈಟ್ರೋಜನ್‌-ಹೈಡ್ರೋಜನ್ ಬಂಧಗಳು ನಾಲ್ಕೂ ಸರಿಸಮ; ನಾಲ್ಕನೆಯದು ಯಾವುದೆಂದು ಯಾವ ಪರೀಕ್ಷೆಯೂ ಬೆರಳಿಟ್ಟು ತೋರಿಸಲಾರದು.

1940ರಲ್ಲಿ ಪೊವೆಲ್ ಎಂಬವರೊಡನೆ ಅವರು, ಅಣುವಿನ ಆಕಾರವನ್ನು ಎಲೆಕ್ಟ್ರಾನು ಜೊತೆಗಳ ಸಂಖ್ಯೆಯಿಂದ ಊಹಿಸುವ ದಾರಿ ತೋರಿದರು. ಸಕಲ ಮೂಲವಸ್ತುಗಳನ್ನೂ ಅವುಗಳ ಸಂಯುಕ್ತಗಳನ್ನೂ ಕುರಿತ ಅವರ ಎರಡು ಸಂಪುಟಗಳ ಮಹಾಗ್ರಂಥ 1950ರಲ್ಲಿ ಹೊರಬಂದಾಗ ಅವರ ವಯಸ್ಸು 75ನ್ನು ದಾಟಿತ್ತು. 1952ರ ಮಾರ್ಚ್ 15ರಂದು ಅವರು ತೀರಿಕೊಂಡರು.