ಗಾಳಿಯಲ್ಲಿದ್ದ ಶತ್ರುವನ್ನು ಗುರುತಿಸಿದ ಶಸ್ತ್ರವೈದ್ಯ ಜಾನ್ ಚಾರ್ನ್ಲಿ

ಸವೆದ ಸೊಂಟದ ಕೀಲನ್ನು ತೆಗೆದು ಕೃತಕ ಕೀಲು ಜೋಡಿಸುವುದು ಇಂದು ಜಗತ್ತಿನಾದ್ಯಂತ ಸಾಮಾನ್ಯ ಶಸ್ತ್ರಚಿಕಿತ್ಸೆ. ಇದಕ್ಕೆ ಭದ್ರ ಬುನಾದಿ ಹಾಕಿದವರು ಸರ್ ಜಾನ್ ಚಾರ್ನ್ಲಿ. ಆದರೆ ಅವರ ನಿಜವಾದ ಹೋರಾಟ ನಡೆದದ್ದು ಕಣ್ಣಿಗೆ ಕಾಣದ ಸೋಂಕಿನ ವಿರುದ್ಧ.

ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಬೆರಿ ಪಟ್ಟಣದಲ್ಲಿ 1911ರ ಆಗಸ್ಟ್ 29ರಂದು ಚಾರ್ನ್ಲಿ ಜನಿಸಿದರು. ತಂದೆ ಔಷಧ ವ್ಯಾಪಾರಿ, ತಾಯಿ ದಾದಿ. ಮ್ಯಾಂಚೆಸ್ಟರ್‌ನಲ್ಲಿ ವೈದ್ಯಶಿಕ್ಷಣ ಪಡೆದ ಅವರು ಎರಡನೇ ಮಹಾಯುದ್ಧದಲ್ಲಿ ಸೇನಾವೈದ್ಯರಾಗಿದ್ದರು. ಹಿಂದೆ ಕ್ಷಯರೋಗಿಗಳ ಆರೋಗ್ಯಧಾಮವಾಗಿದ್ದ ರೈಟಿಂಗ್ಟನ್ ಆಸ್ಪತ್ರೆ ಮುಂದೆ ಅವರ ಕರ್ಮಭೂಮಿಯಾಯಿತು.

ಮೊದಲ ಯತ್ನ ಕೈಕೊಟ್ಟಿತು. ಸುಮಾರು 300 ರೋಗಿಗಳಿಗೆ ಅಳವಡಿಸಿದ್ದ ಟೆಫ್ಲಾನ್ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದವು. ಸವೆದ ಕಣಗಳು ಸುತ್ತಲಿನ ಅಂಗಾಂಶವನ್ನು ಕೆಡಿಸಿದವು. ಚಾರ್ನ್ಲಿ ತಪ್ಪನ್ನು ಮುಚ್ಚಿಡಲಿಲ್ಲ. ಅದೇ ರೋಗಿಗಳಿಗೆ ಮತ್ತೆ ಶಸ್ತ್ರಚಿಕಿತ್ಸೆ ಮಾಡುವ ಹೊಣೆ ಹೊತ್ತರು. ಟೆಫ್ಲಾನ್ ಹಾಗೂ ಹೊಸ ಪಾಲಿಎಥಿಲೀನ್ ಚೂರುಗಳನ್ನು ತಮ್ಮ ತೊಡೆಯೊಳಗೇ ಇರಿಸಿಕೊಂಡು ಪರಿಣಾಮ ಗಮನಿಸಿದರು. 1962ರಲ್ಲಿ ಪಾಲಿಎಥಿಲೀನ್ ಬಟ್ಟಲಿನ ಬಳಕೆ ಆರಂಭವಾಯಿತು.

ಆದರೂ ಸೋಂಕು ಬೆನ್ನು ಬಿಡಲಿಲ್ಲ. ಆರಂಭದಲ್ಲಿ ನೂರಕ್ಕೆ ಸುಮಾರು 7 ರೋಗಿಗಳ ಕೀಲು ಕೀವುಗಟ್ಟುತ್ತಿತ್ತು. ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿಯೇ ಇದಕ್ಕೆ ಮುಖ್ಯ ಕಾರಣವೆಂದು ಚಾರ್ನ್ಲಿ ಶಂಕಿಸಿದರು. ಕೊಠಡಿಯೊಳಗೊಂದು ಪುಟ್ಟ ಕೋಣೆ ಕಟ್ಟಿಸಿ, ಶೋಧಿಸಿದ ಗಾಳಿಯನ್ನು ಮೇಲಿನಿಂದ ಹರಿಸಿದರು. ವೈದ್ಯರ ಉಸಿರನ್ನು ಕೊಳವೆಯ ಮೂಲಕ ಹೊರಗೆಳೆಯುವ ಮುಚ್ಚಿದ ಉಡುಪನ್ನೂ ರೂಪಿಸಿದರು. ಸುಮಾರು 10 ವರ್ಷಗಳಲ್ಲಿ ಸೋಂಕಿನ ಪ್ರಮಾಣ ನೂರಕ್ಕೆ 1ಕ್ಕಿಂತ ಕೆಳಗಿಳಿಯಿತು.

ಇದು ಗಾಳಿಯ ಫಲವೇ ಎಂದು ಅನೇಕರು ಸಂದೇಹಿಸಿದರು. 8 ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಒಳಗೊಂಡ ಅಧ್ಯಯನವೊಂದು 1982ರ ಜುಲೈನಲ್ಲಿ ಪ್ರಕಟವಾಗಿ, ಶುದ್ಧ ಗಾಳಿಯಿಂದ ಆಳದ ಸೋಂಕು ಅರ್ಧದಷ್ಟು ತಗ್ಗುವುದನ್ನು ತೋರಿಸಿತು. ಮರುತಿಂಗಳು, ಆಗಸ್ಟ್ 5ರಂದು ಚಾರ್ನ್ಲಿ ನಿಧನರಾದರು. 1974ರಲ್ಲಿ ಲಾಸ್ಕರ್ ಪ್ರಶಸ್ತಿ, 1977ರಲ್ಲಿ ಸರ್ ಪದವಿ ಅವರಿಗೆ ಸಂದಿದ್ದವು.

ಸಮರ ಇನ್ನೂ ಮುಗಿದಿಲ್ಲ. ಕೃತಕ ಕೀಲಿನ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯಂತಹ ಪೊರೆ ಹೆಣೆದು ಅಡಗಿದರೆ ಔಷಧ ಸುಲಭವಾಗಿ ನಾಟದು. ಎಷ್ಟೋ ಸಲ ಕೀಲನ್ನೇ ಕಿತ್ತು ತೆಗೆಯಬೇಕಾಗುತ್ತದೆ. ಔಷಧ ಹೊತ್ತ ಕಾಂತೀಯ ನ್ಯಾನೋ ಕಣಗಳನ್ನು ಅಯಸ್ಕಾಂತದ ಸೆಳೆತದಿಂದ ಅಲ್ಲಿಗೇ ಒಯ್ಯುವ, ಅವುಗಳನ್ನು ಬಿಸಿಯಾಗಿಸಿ ಪೊರೆ ಒಡೆಯುವ ಸಂಶೋಧನೆಗಳು ನಡೆದಿವೆ. ಸೋಂಕನ್ನು ಒಳಗೆ ಬಾರದಂತೆ ತಡೆಯಲು ಚಾರ್ನ್ಲಿ ಹೆಣಗಿದರು. ಒಳಗೆ ನುಸುಳಿದ್ದನ್ನು ಕೀಲು ಕೀಳದೆಯೇ ನಾಶಪಡಿಸುವುದು ಇಂದಿನ ವಿಜ್ಞಾನಿಗಳ ಮುಂದಿರುವ ಸವಾಲು.