ಟಿಪ್ಪುವಿನ ಬಂದೂಕು ನಿಜಕ್ಕೂ ಜಾಮ್ ಆಗಿತ್ತಾ? ಆಯುಧದ ಹುಚ್ಚಿದ್ದ ದೊರೆಯ ಬದುಕು, ಒಂದು ಕಿಡಿಯ ವಿಜ್ಞಾನ

ಕೆಲವು ಫಾರ್ವರ್ಡ್‌ಗಳಿಗೆ ವಯಸ್ಸೇ ಆಗುವುದಿಲ್ಲ. ಟಿಪ್ಪು ಸುಲ್ತಾನ್ ಫ್ರೆಂಚ್ ಗೆಳೆಯನ ಜೊತೆ ಬೇಟೆಗೆ ಹೋಗಿದ್ದ, ಹುಲಿ ಎದುರಾಯಿತು, ಬಂದೂಕು ಜಾಮ್ ಆಯಿತು, ಕಠಾರಿಯೂ ಕೆಳಗೆ ಬಿತ್ತು, ಆದರೂ ಹುಲಿಯನ್ನು ಕೊಂದ ಎನ್ನುವ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದೇ ಇರುತ್ತದೆ. ಆ ಹುಲಿಯ ವಿಷಯ ಸದ್ಯಕ್ಕೆ ಪಕ್ಕಕ್ಕಿಡಿ. ಅದರಲ್ಲಿರುವ ಜಾಮ್ ಎಂಬ ಒಂದೇ ಪದವನ್ನು ಹಿಡಿದು ಹೊರಟರೂ ಸಾಕು, ಶ್ರೀರಂಗಪಟ್ಟಣದ ಕೋಟೆಯೊಳಗೆ 18ನೇ ಶತಮಾನದ ಕೊನೆಯಲ್ಲಿ ನಡೆಯುತ್ತಿದ್ದ ಒಂದು ದೊಡ್ಡ ತಂತ್ರಜ್ಞಾನದ ಕೆಲಸ ಕಣ್ಣಿಗೆ ಬೀಳುತ್ತದೆ.

ನೇರ ಉತ್ತರ ಮೊದಲು: ಆ ಕಾಲದ ಬಂದೂಕು ಜಾಮ್ ಆಗುವಂಥದ್ದೇ ಅಲ್ಲ. ಜಾಮ್ ಆಗಬೇಕಾದರೆ ಒಳಗೆ ಒಂದು ಗುಂಡು ಹೋಗಿ ಇನ್ನೊಂದು ಬಂದು ಕೂರುವ ವ್ಯವಸ್ಥೆ ಇರಬೇಕು. ಟಿಪ್ಪುವಿನ ಕಾಲದ ಸಾಮಾನ್ಯ ಬಂದೂಕಿನಲ್ಲಿ ಅದಿರಲಿಲ್ಲ. ಬಾಯಿಯಿಂದ ಮದ್ದು ಸುರಿದು, ಸೀಸದ ಗುಂಡು ಹಾಕಿ, ಕೋಲಿನಿಂದ ಗಿಡಿಯಬೇಕು. ಒಂದು ನಳಿಗೆಗೆ ಒಂದೇ ಗುಂಡು. ಅದು ಹಾರದೇ ಇರಬಹುದಿತ್ತು, ಆಗಾಗ ಹಾರುತ್ತಲೂ ಇರಲಿಲ್ಲ. ಯಾಕೆ ಎನ್ನುವುದಕ್ಕೆ ಮುಂದೆ ಬರೋಣ.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರ ಆಸುಪಾಸು. ತಂದೆ ಹೈದರ್ ಅಲಿಗೆ ಓದು ಬರಹ ಗೊತ್ತಿರಲಿಲ್ಲ, ಆದರೆ ಆಯುಧ ಗೊತ್ತಿತ್ತು. ಮೈಸೂರಿನ ಅಧಿಕಾರ ಕೈಗೆ ಬರುವ ಮೊದಲೇ, ದಿಂಡಿಗಲ್‌ನಲ್ಲಿ ಫೌಜುದಾರನಾಗಿದ್ದಾಗ, ಫ್ರೆಂಚ್ ಕುಶಲಕರ್ಮಿಗಳನ್ನು ಇಟ್ಟುಕೊಂಡು ಆಯುಧಶಾಲೆ ಮಾಡಿಸಿದ್ದ. ಮಗ ಬೆಳೆದದ್ದು ಈ ವಾತಾವರಣದಲ್ಲಿ. 1767ರಲ್ಲಿ, ಈಗಿನ ಪಿಯುಸಿ ಹುಡುಗರ ವಯಸ್ಸಿನಲ್ಲಿ, ಕುದುರೆ ಪಡೆ ಕಟ್ಟಿಕೊಂಡು ಮದರಾಸಿನ ಹೊರವಲಯದ ತನಕ ಹೋಗಿ ದಾಳಿ ಮಾಡಿ ಬಂದ.

1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧದಲ್ಲಿ ಕರ್ನಲ್ ಬೇಯ್ಲಿಯ ಬ್ರಿಟಿಷ್ ಪಡೆ ಸೋತಿತು. ಅಂದು ಬ್ರಿಟಿಷರ ಮದ್ದಿನ ಬಂಡಿಗಳೇ ಸಿಡಿದುಹೋದವು. ಇದೇ ಯುದ್ಧದ ದೊಡ್ಡ ಚಿತ್ರವನ್ನು ಇವತ್ತೂ ದರಿಯಾ ದೌಲತ್‌ನ ಗೋಡೆಯ ಮೇಲೆ ನೋಡಬಹುದು. ಮೈಸೂರಿನ ರಾಕೆಟ್‌ಗಳ ಬಗ್ಗೆ ಇಲ್ಲಿ ಒಂದೇ ಮಾತು, ಯಾಕೆಂದರೆ ಅದರ ಫಾರ್ವರ್ಡ್‌ಗಳಿಗೆ ಬೇರೆಯದೇ ಲೇಖನ ಬೇಕು: ರಾಕೆಟ್ ಟಿಪ್ಪುವಿನ ಸಂಶೋಧನೆಯಲ್ಲ, ಚೀನಾದಲ್ಲಿ ಶತಮಾನಗಳ ಮೊದಲೇ ಇತ್ತು. ಮೈಸೂರಿನ ಹೆಚ್ಚುಗಾರಿಕೆ ಇದ್ದದ್ದು ಕಬ್ಬಿಣದ ಕೊಳವೆಯಲ್ಲಿ. ಗಟ್ಟಿ ಕೊಳವೆ ಹೆಚ್ಚು ಒತ್ತಡ ತಡೆಯುತ್ತದೆ, ಅದರಿಂದ ಹೆಚ್ಚು ದೂರ ಹಾರುತ್ತದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯಿಂದ ಇಂಥ ಸುಮಾರು 1,000 ರಾಕೆಟ್‌ಗಳನ್ನು ಪುರಾತತ್ವ ಇಲಾಖೆ ಹೊರತೆಗೆದಿದೆ.

1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ. ಅಧಿಕಾರ ಟಿಪ್ಪುವಿನ ಕೈಗೆ ಬಂತು. ಕೈಬಂದೂಕಿನ ಕಥೆ ಶುರುವಾಗುವುದು ಇಲ್ಲಿಂದ.

ಈಗ ಯೂಟ್ಯೂಬ್‌ನಲ್ಲಿ ಪಿಸ್ತೂಲು ರಿವ್ಯೂ ಮಾಡುವವರು ಮೂರು ವಿಷಯ ಹೇಳುತ್ತಾರೆ: ಹಿಡಿತ ಹೇಗಿದೆ, ಟ್ರಿಗರ್ ಹೇಗಿದೆ, ಗುರಿ ಎಷ್ಟು ನಿಖರ. ಅವರು ತೋರಿಸುವುದು ಬಹುತೇಕ ಸ್ಟ್ರೈಕರ್ ಬಗೆಯ ಪಿಸ್ತೂಲುಗಳನ್ನು. 1980ರ ದಶಕದಲ್ಲಿ ಆಸ್ಟ್ರಿಯಾದ ಗ್ಲಾಕ್ ಹೆಸರು ಮಾಡಿದ್ದು ಈ ಬಗೆಯಿಂದಲೇ. ಹೊರಗೆ ಸುತ್ತಿಗೆ ಕಾಣುವುದಿಲ್ಲ. ಒಳಗೆ ಸ್ಪ್ರಿಂಗ್ ಬಿಗಿದ ಒಂದು ಸೂಜಿ ಇರುತ್ತದೆ, ಟ್ರಿಗರ್ ಒತ್ತಿದರೆ ಅದು ಮುಂದಕ್ಕೆ ಹಾರಿ ತೋಟಾದ ಹಿಂಭಾಗಕ್ಕೆ ಕುಟ್ಟುತ್ತದೆ. ಈ ಮೂರು ಪ್ರಶ್ನೆ ಹೊಸವೇನಲ್ಲ. ಶ್ರೀರಂಗಪಟ್ಟಣದ ಕಮ್ಮಾರರ ಮುಂದೆಯೂ ಇವೇ ಇದ್ದವು, ಆದರೆ ಅವರ ಕೈಯಲ್ಲಿ ಸೂಜಿಯಿರಲಿಲ್ಲ, ಕಲ್ಲಿತ್ತು.

ಮಲೆನಾಡಿನವರಿಗೆ ಕೇಪಿನ ಕೋವಿ ಗೊತ್ತು. ಟಿಪ್ಪುವಿನದು ಅದಕ್ಕಿಂತ ಒಂದು ತಲೆಮಾರು ಹಿಂದಿನದು, ಫ್ಲಿಂಟ್‌ಲಾಕ್, ಅಂದರೆ ಚಕಮಕಿ ಕೋವಿ. ಕುದುರೆ ಎಂದು ಕರೆಯುವ ಭಾಗದ ಬಾಯಲ್ಲಿ ಒಂದು ಚೂರು ಚಕಮಕಿ ಕಲ್ಲು. ಎದುರಿಗೆ ಉಕ್ಕಿನ ಪಟ್ಟಿ. ಪಟ್ಟಿಯ ಕೆಳಗೆ ಪುಟ್ಟ ಬಟ್ಟಲು, ಅದರಲ್ಲಿ ಚಿಟಿಕೆ ಮದ್ದು. ಟ್ರಿಗರ್ ಒತ್ತಿದಾಗ ಕುದುರೆ ಬಂದು ಪಟ್ಟಿಗೆ ಬಡಿಯುತ್ತದೆ, ಪಟ್ಟಿ ಹಿಂದಕ್ಕೆ ಮಗುಚಿ ಬಟ್ಟಲು ತೆರೆದುಕೊಳ್ಳುತ್ತದೆ, ಕಿಡಿ ಬೀಳುತ್ತದೆ, ಬಟ್ಟಲಿನ ಮದ್ದು ಭಗ್ ಎನ್ನುತ್ತದೆ, ಆ ಬೆಂಕಿ ಸಣ್ಣ ರಂಧ್ರದ ಮೂಲಕ ನಳಿಗೆಯೊಳಗೆ ಹೋಗಿ ಮುಖ್ಯ ಮದ್ದನ್ನು ಹೊತ್ತಿಸುತ್ತದೆ.

ಇಲ್ಲಿ ಹೆಚ್ಚಿನವರು ನಂಬಿರುವ ಒಂದು ತಪ್ಪಿದೆ. ಕಿಡಿ ಬರುವುದು ಕಲ್ಲಿನಿಂದಲ್ಲ, ಉಕ್ಕಿನಿಂದ. ಗಟ್ಟಿ ಕಲ್ಲಿನ ಅಂಚು ಉಕ್ಕಿನಿಂದ ಸೂಕ್ಷ್ಮ ಚೂರುಗಳನ್ನು ಹೆರೆಯುತ್ತದೆ. ಉಜ್ಜಿದ ಬಿಸಿಗೆ ಆ ಚೂರುಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಉರಿಯುತ್ತವೆ. ಗ್ರೈಂಡರ್ ಚಕ್ರಕ್ಕೆ ಕಬ್ಬಿಣ ಹಿಡಿದಾಗ ಹಾರುವ ಕಿಡಿ ಇದೇ ಜಾತಿಯದು. ಹಾಗಾಗಿ ಪಟ್ಟಿಯ ಉಕ್ಕು ಸರಿಯಿಲ್ಲದಿದ್ದರೆ ಎಂಥ ಕಲ್ಲು ತಂದರೂ ಪ್ರಯೋಜನವಿಲ್ಲ. ಮೈಸೂರು ಸೀಮೆಗೆ ಇಲ್ಲೊಂದು ಅನುಕೂಲವಿತ್ತು. ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನು ಉಕ್ಕು ಮಾಡುವ ಕುಶಲಿಗಳು ಹಳ್ಳಿಗಳಲ್ಲೇ ಇದ್ದರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ಪ್ರಾಂತ್ಯದಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಆ ಕೆಲಸವನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ.

ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ದೊರೆಗೆಂದೇ ತಯಾರಾದ ಪಿಸ್ತೂಲುಗಳು ಇವತ್ತು ಲಂಡನ್ನಿನ ಮ್ಯೂಸಿಯಂಗಳಲ್ಲಿ, ಖಾಸಗಿ ಸಂಗ್ರಹಗಳಲ್ಲಿ ಇವೆ. ಮೊದಲು ಕಣ್ಣಿಗೆ ಬೀಳುವುದು ಹುಲಿ. ಲೋಹದ ಭಾಗಗಳಲ್ಲಿ ಹುಲಿಯ ಮುಖ, ಮೈಮೇಲೆ ಬುಬ್ರಿ ಎನ್ನುವ ಹುಲಿಪಟ್ಟೆ. ಹುಲಿಯನ್ನು ಕೊಂದ ಮೇಲೆ ಈ ಲಾಂಛನ ಬಂತು ಎನ್ನುತ್ತದೆ ಫಾರ್ವರ್ಡ್. ನನಗೆ ಅದಕ್ಕಿಂತ ಸರಳವಾದ ಕಾರಣವೇ ಸಾಕೆನಿಸುತ್ತದೆ: ಹೈದರ್ ಎಂಬ ಹೆಸರಿನ ಅರ್ಥವೇ ಸಿಂಹ, ಮತ್ತು ಆ ಕಾಲದ ಭಾಷೆಯಲ್ಲಿ ಸಿಂಹ, ಹುಲಿ ಎರಡಕ್ಕೂ ಶೇರ್ ಎಂಬ ಒಂದೇ ಪದ ಓಡುತ್ತಿತ್ತು. ಅಪ್ಪನ ಹೆಸರೇ ಮನೆಯ ಗುರುತಾಯಿತು.

ಅಲಂಕಾರಕ್ಕಿಂತ ಸ್ವಾರಸ್ಯದ್ದು ಹಿಡಿತದ ವಿಷಯ. ಟಿಪ್ಪುವಿನ ಕೆಲವು ಪಿಸ್ತೂಲು ಜೋಡಿಗಳಲ್ಲಿ ಒಂದರ ಚಕಮಕಿ ಯಂತ್ರ ಬಲಗಡೆಗಿದೆ, ಇನ್ನೊಂದರದು ಎಡಗಡೆಗೆ. ಕನ್ನಡಿಯಲ್ಲಿ ನೋಡಿದ ಹಾಗೆ. ಸಾಮಾನ್ಯವಾಗಿ ಜೋಡಿ ಎಂದರೆ ಎರಡೂ ಬಲಗಡೆಯವೇ. ಎಡಗಡೆಯದನ್ನು ಮಾಡಬೇಕಾದರೆ ಪ್ರತಿ ಸ್ಪ್ರಿಂಗು, ಪ್ರತಿ ಕೀಲು, ಪ್ರತಿ ತಿರುಪನ್ನು ಉಲ್ಟಾ ಅರೆದು ಕೂರಿಸಬೇಕು. ಅಚ್ಚು, ಯಂತ್ರ ಇಲ್ಲದ ಕಾಲದಲ್ಲಿ ಇದು ಎರಡು ಪಟ್ಟು ಕೆಲಸ. ಬಟ್ಟಲಿನ ಬೆಂಕಿ ಪಕ್ಕಕ್ಕೆ ಚಿಮ್ಮುವುದರಿಂದ ಎರಡು ಕೈಯಲ್ಲೂ ಪಿಸ್ತೂಲು ಹಿಡಿದವನಿಗೆ ಎರಡರ ಬೆಂಕಿಯೂ ಹೊರಗಡೆಗೇ ಹೋಗುವುದು ಅನುಕೂಲ. ಸೊಂಟದ ಎರಡೂ ಬದಿ ಸಿಕ್ಕಿಸಿಕೊಂಡರೂ ಯಂತ್ರದ ಭಾಗ ಮೈಗೆ ಒತ್ತುವುದಿಲ್ಲ. ಯಾವ ಕಾರಣಕ್ಕೇ ಮಾಡಿಸಿರಲಿ, ಮಾಡಿಸಿದವನಿಗೆ ಆಯುಧ ತನ್ನ ಕೈಗೆ ಹೊಂದಬೇಕಿತ್ತೇ ಹೊರತು ತನ್ನ ಕೈ ಆಯುಧಕ್ಕಲ್ಲ.

ಟ್ರಿಗರ್ ವಿಷಯಕ್ಕೆ ಬಂದರೆ ಭೌತಶಾಸ್ತ್ರ ಕೈ ಕೊಡುತ್ತದೆ. ಇಂದಿನ ಪಿಸ್ತೂಲಿನಲ್ಲಿ ಟ್ರಿಗರ್ ಬಿಟ್ಟ ಮೇಲೆ ಸೂಜಿ ಕುಟ್ಟಲು ಸೆಕೆಂಡಿನ ಸಾವಿರದ ಕೆಲವು ಭಾಗ ಸಾಕು. ಚಕಮಕಿಯಲ್ಲಿ ಕುದುರೆ ಬೀಳಬೇಕು, ಕಿಡಿ ಹುಟ್ಟಬೇಕು, ಬಟ್ಟಲು ಹೊತ್ತಬೇಕು, ಬೆಂಕಿ ರಂಧ್ರ ದಾಟಬೇಕು. ಎಲ್ಲ ಸೇರಿ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಕಡಿಮೆ ಎನಿಸುತ್ತದೆ ಅಲ್ಲವೇ? ಆದರೆ ಅಷ್ಟರಲ್ಲಿ, ಕಣ್ಣ ಮುಂದೆಯೇ ಬೆಂಕಿ ಚಿಮ್ಮುವಾಗ, ಮನುಷ್ಯನ ಕೈ ಬೆದರಿ ಅಲುಗುತ್ತದೆ. ಗುರಿ ತಪ್ಪಲು ಬೇರೆ ಕಾರಣ ಬೇಕಿಲ್ಲ.

ಬೇರೆ ಕಾರಣವೂ ಇತ್ತು ಅನ್ನಿ. ಅಂದಿನ ಹೆಚ್ಚಿನ ಬಂದೂಕುಗಳ ನಳಿಗೆ ಒಳಗೆ ನುಣುಪು, ಗುಂಡು ನಳಿಗೆಗಿಂತ ತುಸು ಸಣ್ಣದು. ಹೊರಬರುವಾಗ ಅತ್ತಿತ್ತ ತಗುಲಿಕೊಂಡು ಬರುತ್ತದೆ, ಕೊನೆಗೆ ಯಾವ ಕಡೆ ತಗುಲಿತೋ ಅದರ ಮೇಲೆ ದಿಕ್ಕು ನಿರ್ಧಾರ. ಇಂಥ ಪಿಸ್ತೂಲು ಕೆಲವೇ ಹೆಜ್ಜೆಗಳ ಆಯುಧ. ಸಿನಿಮಾದಲ್ಲಿ ತೋರಿಸುವಂತೆ ಕೋಟೆಯ ಮೇಲಿಂದ ಪಿಸ್ತೂಲು ಹಿಡಿದು ಕುದುರೆ ಸವಾರನನ್ನು ಉರುಳಿಸುವುದು ಅದೃಷ್ಟದ ಮಾತು.

ಎಲ್ಲಕ್ಕಿಂತ ದೊಡ್ಡ ಶತ್ರು ತೇವ. ಮದ್ದಿನ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಇದು ತೇವ ಹೀರಿದರೆ ಹೊತ್ತುವುದಿಲ್ಲ. ಬಟ್ಟಲಿಗೆ ನಾಲ್ಕು ಹನಿ ಬಿದ್ದರೂ ಮುಗಿಯಿತು. ಬೇಟೆಯ ಕಥೆ ನಡೆದಿದ್ದೇ ಆದರೆ, ಕಾಡಿನ ಇಬ್ಬನಿಯಲ್ಲಿ ಬಂದೂಕು ಕೈಕೊಟ್ಟದ್ದು ಹೀಗೆಯೇ ಇರಬೇಕು. ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ಇಟ್ಟಿಗೆ, ಗಾರೆ ಹಾಕಿ ಅರ್ಧ ನೆಲದೊಳಗೆ ಕಟ್ಟಿದ್ದು ಬೆಂಕಿ ಮತ್ತು ಮಳೆ ಎರಡರಿಂದಲೂ ಕಾಪಾಡಲಿಕ್ಕೆ.

ಮಳೆ ಒಮ್ಮೆ ಟಿಪ್ಪುವಿನ ಪರವಾಗಿಯೂ ನಿಂತಿತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಗೆದ್ದು, ಬೆಳಗೊಳದ ಪಕ್ಕದ ಕನ್ನಂಬಾಡಿಯವರೆಗೆ ಬಂದ. ಶ್ರೀರಂಗಪಟ್ಟಣ ಕೂಗಳತೆ ದೂರ. ಆದರೆ ಮಳೆ ಹಿಡಿದಿತ್ತು, ಮೇವಿಲ್ಲದೆ ಎತ್ತುಗಳು ಸಾಯುತ್ತಿದ್ದವು, ಸೈನಿಕರಿಗೆ ಕಾಳಿಲ್ಲ. ಕೋಟೆ ಒಡೆಯಲು ಅಷ್ಟು ದೂರದಿಂದ ಎಳೆದು ತಂದಿದ್ದ ಭಾರಿ ತೋಪುಗಳನ್ನು ಅಲ್ಲೇ ತಾನೇ ನಾಶಮಾಡಿ ಹಿಂದಿರುಗಿದ. ಹಳೆಯ ಕನ್ನಂಬಾಡಿ ಊರು ಈಗ ಕೆಆರ್‌ಎಸ್ ನೀರಿನ ಅಡಿ ಇದೆ. ಬೆಳಗೊಳದಿಂದ ಅಣೆಕಟ್ಟೆಗೆ ಹೋಗುವವರಲ್ಲಿ ಎಷ್ಟು ಜನಕ್ಕೆ ಈ ವಿಷಯ ಗೊತ್ತೋ!

ಮರುವರ್ಷ ಕಾರ್ನ್‌ವಾಲಿಸ್ ಮತ್ತೆ ಬಂದ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಕಳಿಸಿದ. ಇಷ್ಟಾದರೂ ಆಯುಧದ ಕೆಲಸ ನಿಲ್ಲಲಿಲ್ಲ. ಸೋತ ದೊರೆಯ ಕಾರ್ಖಾನೆಯಲ್ಲಿ 1790ರ ದಶಕದಲ್ಲೂ ಬೆಳ್ಳಿ ಕೂರಿಸಿದ ಬಂದೂಕುಗಳು ತಯಾರಾದವು. ಅದು ಹಟವೋ, ಮುಂದಿನ ಯುದ್ಧದ ಸಿದ್ಧತೆಯೋ, ಬರೀ ಪ್ರೀತಿಯೋ. ಮೂರೂ ಇದ್ದವು ಎಂದು ನನ್ನ ಅಂದಾಜು.

1799ರಲ್ಲಿ ಬ್ರಿಟಿಷರು ಪಾಠ ಕಲಿತು ಬಂದಿದ್ದರು. ಕಾವೇರಿ ತುಂಬುವ ಮೊದಲೇ ಮುಗಿಸಬೇಕಿತ್ತು. ಮೇ 2ರಂದು ಅವರ ಗುಂಡು ತಗುಲಿ ಕೋಟೆಯೊಳಗಿನ ರಾಕೆಟ್ ಉಗ್ರಾಣ ಸಿಡಿಯಿತು. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವಾಗ, ಸೊರಗಿದ ಹೊಳೆ ದಾಟಿ ನುಗ್ಗಿದರು. ಟಿಪ್ಪು ಗೋಡೆಯ ಬಳಿ ನಿಂತು ತನ್ನ ಬೇಟೆಯ ಬಂದೂಕುಗಳಿಂದಲೇ ಗುಂಡು ಹಾರಿಸಿದ. ಒಂದು ಹಾರಿಸುವಷ್ಟರಲ್ಲಿ ಸೇವಕರು ಇನ್ನೊಂದನ್ನು ತುಂಬಿ ಕೊಡುತ್ತಿದ್ದರು. ಒಂದು ನಳಿಗೆಗೆ ಒಂದೇ ಗುಂಡು ಎನ್ನುವ ಕಾಲದಲ್ಲಿ ಬೇಗ ಹೊಡೆಯುವ ದಾರಿ ಅದೊಂದೇ. ಗಾಯಗೊಂಡು ಬಾಗಿಲಿನ ಇಕ್ಕಟ್ಟಿನಲ್ಲಿ ಬಿದ್ದಾಗ, ಯಾರೆಂದು ಹೇಳಿಕೊಂಡರೆ ಜೀವ ಉಳಿಯುತ್ತದೆ ಎಂದು ಸೇವಕ ರಾಜಾ ಖಾನ್ ಸೂಚಿಸಿದ, ಟಿಪ್ಪು ಒಪ್ಪಲಿಲ್ಲ. ನಡುಪಟ್ಟಿಯ ಆಸೆಗೆ ಕೈಹಾಕಿದ ಒಬ್ಬ ಸೈನಿಕನ ಮೇಲೆ ಕತ್ತಿ ಬೀಸಿದ. ಆ ಸೈನಿಕ ಹತ್ತಿರದಿಂದಲೇ ಕಪಾಲಕ್ಕೆ ಗುಂಡಿಟ್ಟ. ಇವನು ಯಾರೆಂದು ಹೊಡೆದವನಿಗೆ ಗೊತ್ತಿರಲಿಲ್ಲ. ಇದನ್ನೆಲ್ಲ ಆಮೇಲೆ ಹೇಳಿದ್ದು ಬದುಕುಳಿದ ರಾಜಾ ಖಾನ್.

ಮರುದಿನ ಗುಂಬಜ್‌ನಲ್ಲಿ ತಂದೆಯ ಪಕ್ಕ ಮಣ್ಣಾಯಿತು. ಆ ಸಂಜೆ ಶ್ರೀರಂಗಪಟ್ಟಣದ ಮೇಲೆ ಭಾರಿ ಗುಡುಗು ಸಿಡಿಲಿನ ಮಳೆ ಸುರಿಯಿತು.

ಕೋಟೆಯಲ್ಲಿ 900ಕ್ಕೂ ಹೆಚ್ಚು ತೋಪುಗಳು ಸಿಕ್ಕವು. ಒಳ್ಳೆಯ ಪಿಸ್ತೂಲು, ಬಂದೂಕುಗಳು ಲೂಟಿಯ ಪಾಲಾಗಿ ಇಂಗ್ಲೆಂಡಿನ ಮನೆಗಳನ್ನು ಸೇರಿದವು. 2015ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅವನ ಒಂದು ಬೇಟೆ ಬಂದೂಕು 7 ಲಕ್ಷ ಪೌಂಡ್‌ಗೂ ಹೆಚ್ಚಿಗೆ ಹೋಯಿತು. ಹಾಗಾಗಿ ಟಿಪ್ಪುವಿನದು ಎಂದು ಹೇಳಿ ಫೋಟೊ ಕಳಿಸುವವರು ಬಹಳ. ನಿಮ್ಮ ಫೋನಿಗೆ ಅಂಥದ್ದು ಬಂದರೆ ಹುಲಿಪಟ್ಟೆ ನೋಡಿ ಸುಮ್ಮನಾಗಬೇಡಿ, ಇಸವಿ ನೋಡಿ. ಟಿಪ್ಪು ತನ್ನದೇ ಮೌಲೂದಿ ಶಕೆ ಶುರುಮಾಡಿದ್ದ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದ. ನಾಣ್ಯಗಳ ಮೇಲೂ ಹಾಗೆಯೇ. 1222 ಎಂಬ ವರ್ಷ 2221 ಎಂದು ಕಾಣುತ್ತದೆ, ಅದು ನಮ್ಮ ಲೆಕ್ಕದ 1794ರ ಸುಮಾರು.

ಮದ್ದಿನ ಮನೆಗಳು ಮಾತ್ರ ಇಲ್ಲೇ ಉಳಿದವು. ಬೆಂಗಳೂರು–ಮೈಸೂರು ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಒಂದನ್ನು 2017ರಲ್ಲಿ ಒಡೆಯಲಿಲ್ಲ. ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಜ್ಯಾಕಿನ ಮೇಲೆ ಎತ್ತಿ, ಸುಮಾರು 130 ಮೀಟರ್ ಆಚೆಗೆ ಸರಿಸಿ ಇಟ್ಟರು. ಶ್ರೀರಂಗಪಟ್ಟಣ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರದಲ್ಲೇ ಇದೆ.