ಮಾತೃನಿಂದೆಯನ್ನು ತೊಡೆದ ಲಯೊನೆಲ್ ಪೆನ್ರೋಸ್

ಪೀಣ್ಯದ ಕಾರ್ಖಾನೆಗಳಲ್ಲಿಯೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿಯೂ ದುಡಿಯುವ ಹೆಣ್ಣುಮಕ್ಕಳು ಮೂವತ್ತು ದಾಟಿದ ಬಳಿಕ ತಾಯಂದಿರಾಗುವುದು ಇಂದು ಅಪರೂಪವಲ್ಲ. ಹುಟ್ಟಿದ ಕೂಸಿನಲ್ಲಿ ಡೌನ್ ಸಿಂಡ್ರೋಮ್ ಕಂಡುಬಂದರೆ ಲೋಕದ ನಾಲಗೆ ಮೊದಲು ತಾಯಿಯನ್ನೇ ದೂಷಿಸುತ್ತದೆ. ಈ ನಿಂದೆ ನಿರಾಧಾರವೆಂಬುದನ್ನು ಅರಿಯಲು ಆಂಗ್ಲ ವೈದ್ಯ ಪೆನ್ರೋಸರ ಬಾಳನ್ನು ನೆನೆಯಬೇಕು.

1898ರಲ್ಲಿ ಲಂಡನ್ನಿನಲ್ಲಿ ಜನಿಸಿದ ಇವರು ಕೋಲ್ಚೆಸ್ಟರಿನ ಬುದ್ಧಿಮಾಂದ್ಯರ ಆಶ್ರಯಧಾಮದಲ್ಲಿ ಸೇವೆ ಸಲ್ಲಿಸುತ್ತ 1,280 ಮಂದಿಯನ್ನು ಪರಿಶೀಲಿಸಿದರು. 1933-34ರ ಲೇಖನಗಳಲ್ಲಿ, ತಂದೆಯ ವಯಸ್ಸಾಗಲಿ ಮಗು ಎಷ್ಟನೆಯದೆಂಬುದಾಗಲಿ ಅಲ್ಲ, ತಾಯಿಯ ವಯಸ್ಸೇ ಮುಖ್ಯವೆಂದು ಗಣಿತದಿಂದ ತೋರಿಸಿದರು.

1959ರಲ್ಲಿ ಪ್ಯಾರಿಸ್ಸಿನ ಲೆಜೂನ್, ಗೋತಿಯೆ, ತುರ್ಪ್ಯಾಂ ಎಂಬವರು ಇಂಥ ಮಕ್ಕಳಲ್ಲಿ 46ರ ಬದಲು 47 ವರ್ಣತಂತುಗಳಿರುವುದನ್ನು ಪ್ರಕಟಿಸಿದರು. ಹೆಣ್ಣಿನ ಅಂಡಕೋಶಗಳು ಆಕೆ ತನ್ನ ತಾಯಿಯ ಗರ್ಭದಲ್ಲಿರುವಾಗಲೇ ವಿಭಜನೆಯನ್ನು ಆರಂಭಿಸಿ, ವರ್ಷಾನುಗಟ್ಟಲೆ ನಡುವಿನಲ್ಲೇ ನಿಂತಿರುತ್ತವೆ. ವರ್ಣತಂತುಗಳನ್ನು ಹಿಡಿದಿಟ್ಟ ಕೊಹೆಸಿನ್ ಎಂಬ ಪ್ರೋಟೀನಿನ ಬಂಧ ಕಾಲಕ್ರಮೇಣ ಸಡಿಲಗೊಳ್ಳುತ್ತದೆಂದು ಈಚಿನ ಸಂಶೋಧನೆ ತಿಳಿಸಿದೆ. ಆಗ 21ನೆಯ ಜೋಡಿ ಬೇರ್ಪಡದೆ ಎರಡೂ ಒಂದೇ ಅಂಡದಲ್ಲಿ ಉಳಿಯಬಹುದು. ತರುಣ ತಾಯಂದಿರಲ್ಲಿಯೂ ಹೀಗಾಗುವುದುಂಟು. ಇದು ಪಾಪಫಲವಲ್ಲ, ನಡತೆಯ ದೋಷವೂ ಅಲ್ಲ; ದೇಹಧರ್ಮ.

1945ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಪೆನ್ರೋಸರು, ದುರ್ಬಲರನ್ನು ಹೀನರೆಂದು ಎಣಿಸುತ್ತಿದ್ದ ಸುಪ್ರಜನನವಾದವನ್ನು ವಿರೋಧಿಸಿದರು. ತಾವು ಸಂಪಾದಿಸುತ್ತಿದ್ದ ಪತ್ರಿಕೆಯ ಹೆಸರಿನಿಂದ 1954ರಲ್ಲಿ ಆ ಪದವನ್ನೇ ತೆಗೆಸಿದರು. 1972ರಲ್ಲಿ ದಿವಂಗತರಾದರು.

ಇಂಥ ಕೂಸೊಂದು ನಮ್ಮ ಶಾಲೆಯ ಬಾಗಿಲಿಗೆ ಬಂದಾಗ ತಾಯಿಯನ್ನು ಪ್ರಶ್ನಿಸದೆ, ಮಗುವಿನ ಕೈಹಿಡಿದು ಒಳಗೆ ಕರೆದೊಯ್ಯುವುದೇ ಆ ಮಹನೀಯರಿಗೆ ಸಲ್ಲುವ ಗೌರವ.